ರಾಕ್ಷಸರ ಜೊತೆ ಒಂದು ಕರಾರು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಮನೆ ಬಾಗಿಲ ಮೇಲೆ ಎರಡು ಪದ ಕಾಣುತ್ತಿದ್ದವು: ‘ನಾಳೆ ಬಾ’. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬೀದಿ ಸುತ್ತುತ್ತದೆ, ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ತೆಗೆದವರು ಉಳಿಯುವುದಿಲ್ಲ ಅಂತ ಸುದ್ದಿ. ಅದಕ್ಕೆ ಜನ ಕಂಡುಕೊಂಡ ಮದ್ದು ಈ ಬರಹ. ದೆವ್ವ ಬರುತ್ತದೆ, ಓದುತ್ತದೆ, ಸರಿ ಅಂತ ಹೋಗುತ್ತದೆ. ಮಾರನೇ ರಾತ್ರಿ ಮತ್ತೆ ಬರುತ್ತದೆ, ಮತ್ತೆ ಅದೇ ಬರಹ, ಮತ್ತೆ ವಾಪಸ್.

ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ಬೆಂಗಳೂರಿನ ಮಟ್ಟಿಗೆ ಅದೇ ದೊಡ್ಡದು ಅಂತ ಆಗಲೇ ನಕ್ಕವರಿದ್ದರು. ನನಗೆ ಬೆರಗು ತಂದದ್ದು ಅದರ ಪ್ರಾಮಾಣಿಕತೆ. ಕೊಲ್ಲಲು ಬಂದ ದೆವ್ವ ಬಾಗಿಲ ಮೇಲಿನ ಮಾತಿಗೆ ಯಾಕೆ ಬೆಲೆ ಕೊಡಬೇಕು? ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಸಾಲ’ ಅಂತ ಬೋರ್ಡು ತೂಗುಹಾಕಿರುತ್ತಾರಲ್ಲ, ಅದೇ ಉಪಾಯ ಇದು. ಆದರೆ ಅಂಗಡಿಯ ಬೋರ್ಡನ್ನು ಯಾವ ಗಿರಾಕಿಯೂ ನಂಬುವುದಿಲ್ಲ. ದೆವ್ವ ನಂಬುತ್ತದೆ.

ಇದೊಂದು ಎಳೆ ಹಿಡಿದುಕೊಂಡು ನಮ್ಮ ಕತೆಗಳ ಒಳಗೆ ಹೋದರೆ ಎಲ್ಲೆಲ್ಲೂ ಇದೇ ಸಿಗುತ್ತದೆ. ನಮ್ಮ ರಾಕ್ಷಸರು, ದೆವ್ವಗಳು, ಅಸುರರು ಬಹುಪಾಲು ಕರಾರಿನವರು. ಅವರಿಗೆ ಷರತ್ತುಗಳಿವೆ, ವಾಯಿದೆಗಳಿವೆ, ಕೊಟ್ಟ ಮಾತಿದೆ. ಮಾತು ತಪ್ಪುವವರು, ಮಾತಿನಲ್ಲಿ ಸಂದು ಹುಡುಕುವವರು ಹೆಚ್ಚಾಗಿ ಈ ಕಡೆಯವರು. ಹಿರಣ್ಯಕಶಿಪು ಮನುಷ್ಯನಿಂದಲೂ ಪ್ರಾಣಿಯಿಂದಲೂ ಸಾವು ಬೇಡ, ಹಗಲೂ ಬೇಡ ರಾತ್ರಿಯೂ ಬೇಡ, ಒಳಗೂ ಬೇಡ ಹೊರಗೂ ಬೇಡ ಅಂತ ಒಳ್ಳೆ ವಕೀಲನ ಹಾಗೆ ಕಲಮು ಕಲಮಾಗಿ ಬರೆಸಿಕೊಂಡ. ದೇವರು ಆ ಕಲಮುಗಳ ನಡುವಿನ ಹೊಸ್ತಿಲ ಮೇಲೆ ಬಂದು ಕೂತ.

ಬಲಿಯದು ಇನ್ನೂ ಚೆಂದ. ದಾನ ಕೊಡುತ್ತೇನೆ ಅಂತ ಮಾತು ಕೊಟ್ಟ ತಪ್ಪಿಗೆ ರಾಜ್ಯ ಕಳೆದುಕೊಂಡವನು ಅವನು. ವರ್ಷಕ್ಕೊಮ್ಮೆ ಬಂದು ತನ್ನ ನೆಲ ನೋಡಿ ಹೋಗಲು ಅವನಿಗೆ ಅನುಮತಿ. ತುಳುನಾಡಿನಲ್ಲಿ ದೀಪಾವಳಿಗೆ ಗದ್ದೆಗೆ ದೀಪ ಇಟ್ಟು ‘ಬಲೀಂದ್ರಾ... ಕೂ’ ಅಂತ ಕೂಗಿ ಕರೆಯುತ್ತಾರೆ. ಹಾಗಾದರೆ ರಾಜ್ಯ ವಾಪಸ್ ಸಿಗುವುದು ಯಾವಾಗ? ಅದಕ್ಕೂ ಆ ಹಾಡಿನಲ್ಲಿ ಲೆಕ್ಕ ಇದೆ. ಉಪ್ಪು ಕರ್ಪೂರವಾದಾಗ ಬಾ. ಬಿಳಿಗಲ್ಲು ಹೂ ಬಿಟ್ಟಾಗ ಬಾ. ಉದ್ದಿನಕಾಳು ಮದ್ದಳೆಯಾದಾಗ ಬಾ. ಅಂದರೆ ನಾಳೆ ಬಾ. ಬೆಂಗಳೂರಿನ ಬಾಗಿಲ ಮೇಲೆ ಬರೆದದ್ದನ್ನೇ ಗದ್ದೆಯ ಬದುವಿನ ಮೇಲೆ ನಿಂತು ಹಾಡುತ್ತಿದ್ದಾರೆ. ವ್ಯತ್ಯಾಸ ಇಷ್ಟೇ, ಇಲ್ಲಿ ಪ್ರೀತಿಯಿಂದ ಹಾಡುತ್ತಾರೆ. ಬರುವವನೂ ಪ್ರೀತಿಯಿಂದ ಬಂದು, ಕೇಳಿಸಿಕೊಂಡು, ಹೋಗುತ್ತಾನೆ.

ರಾಕ್ಷಸರು ಎಲ್ಲಿಂದ ಬಂದರು ಅನ್ನುವ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಬೇರೆ. ಮೂಳೆಗಳಿಂದ ಬಂದರು ಅನ್ನುತ್ತಾರೆ. 1914ರಲ್ಲಿ ಆಸ್ಟ್ರಿಯಾದ ಪಳೆಯುಳಿಕೆ ತಜ್ಞ ಒಥೇನಿಯೋ ಆಬೆಲ್ ಒಂದು ಮಾತು ಮುಂದಿಟ್ಟ. ಗ್ರೀಕರ ಒಂಟಿಕಣ್ಣಿನ ದೈತ್ಯ ಸೈಕ್ಲೋಪ್ಸ್ ಹುಟ್ಟಿದ್ದು ಮೆಡಿಟರೇನಿಯನ್ ದ್ವೀಪಗಳಲ್ಲಿ ಸಿಗುವ ಕುಳ್ಳ ಆನೆಗಳ ತಲೆಬುರುಡೆಯಿಂದ ಇರಬಹುದು ಅಂತ. ಆನೆಯ ಬುರುಡೆಯಲ್ಲಿ ಸೊಂಡಿಲು ಕೂಡುವ ಜಾಗದಲ್ಲಿ ನಟ್ಟನಡುವೆ ದೊಡ್ಡ ತೂತು ಇರುತ್ತದೆ. ಆನೆಯನ್ನೇ ಕಾಣದವನಿಗೆ ಅದು ಹಣೆಗಣ್ಣಿನ ಗುಳಿಯ ಹಾಗೆ ಕಂಡರೆ ಆಶ್ಚರ್ಯವಿಲ್ಲ. ನಮ್ಮಲ್ಲೂ ಇಂಥದ್ದಿದೆ. ಚಿತ್ರದುರ್ಗದ ಕೋಟೆಯೊಳಗಿನ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲು ಅಂತ ಒಂದನ್ನು ಇಟ್ಟಿದ್ದಾರೆ.

ಇದೆಲ್ಲ ಓದಲು ಖುಷಿ. ಆದರೆ ಮೂಳೆಯಿಂದ ಆಕಾರ ಸಿಗುತ್ತದೆ, ಕತೆ ಸಿಗುವುದಿಲ್ಲ. ಬುರುಡೆ ನೋಡಿದವನಿಗೆ ಒಂದು ಕಣ್ಣು ಹೊಳೆಯಬಹುದು. ಆ ಕಣ್ಣಿನವನು ಏನು ತಿನ್ನುತ್ತಾನೆ, ಯಾರ ಮನೆಯಿಂದ ತಿನ್ನುತ್ತಾನೆ, ಅವನಿಗೆ ಯಾರು ತಂದು ಕೊಡುತ್ತಾರೆ, ಇದನ್ನೆಲ್ಲ ಬುರುಡೆ ಹೇಳುವುದಿಲ್ಲ. ನನಗೆ ಬೇಕಾದದ್ದು ಆ ಭಾಗ. ಅದಕ್ಕೆ ಬಕಾಸುರನ ಕತೆಗಿಂತ ಒಳ್ಳೆ ಜಾಗ ಇನ್ನೊಂದಿಲ್ಲ.

ಬಕನ ಕತೆ ನಮಗೆಲ್ಲ ಗೊತ್ತು ಅಂದುಕೊಂಡಿರುತ್ತೇವೆ. ಬಂಡಿ ಅನ್ನ, ಭೀಮ, ಗುದ್ದಾಟ, ಮುಗೀತು. ಕೈವಾರಕ್ಕೆ ಹೋದರೆ ಏಕಚಕ್ರನಗರ ಇದೇ, ಬಕ ಇದ್ದದ್ದು ಇದೇ ಬೆಟ್ಟದಲ್ಲಿ ಅಂತ ಊರಿನವರು ತೋರಿಸುತ್ತಾರೆ. ಆದರೆ ವ್ಯಾಸಭಾರತದ ಆದಿಪರ್ವದಲ್ಲಿ ಈ ಕತೆಯನ್ನು ನಿಧಾನಕ್ಕೆ ಓದಿದರೆ ಗುದ್ದಾಟಕ್ಕಿಂತ ಮುಂಚಿನ ಭಾಗ ಬೆಚ್ಚಿಬೀಳಿಸುತ್ತದೆ.

ಮೊದಲನೆಯದು, ಬಕ ಆ ಊರಿನ ಶತ್ರು ಅಲ್ಲ. ಕಾವಲುಗಾರ. ಅವನು ಇರುವುದರಿಂದ ನಮಗೆ ಹೊರಗಿನ ಸೈನ್ಯದ ಭಯವಿಲ್ಲ, ಬೇರೆ ಭೂತಗಳ ಭಯವಿಲ್ಲ ಅಂತ ಪಾಂಡವರಿಗೆ ಜಾಗ ಕೊಟ್ಟ ಬ್ರಾಹ್ಮಣನೇ ಕುಂತಿಗೆ ಹೇಳುತ್ತಾನೆ. ಒಂದು ಬಂಡಿ ಅನ್ನ, ಎರಡು ಕೋಣ, ಅದನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಇದು ಕಾವಲಿನ ಕೂಲಿ. ಊರಿನ ರಾಜ ಇದ್ದಾನೆ, ಬೇರೆ ಕಡೆ ಇದ್ದಾನೆ, ಕೈಲಾಗದವನು. ಮೊದಲು ಒಳ್ಳೆ ರಾಜನನ್ನು ಹುಡುಕಿಕೊಳ್ಳಬೇಕು, ಆಮೇಲೆ ಹೆಂಡತಿ, ಆಮೇಲೆ ದುಡ್ಡು, ನಾನು ಎಲ್ಲ ತಲೆಕೆಳಗು ಮಾಡಿಕೊಂಡೆ ಅಂತ ಬ್ರಾಹ್ಮಣ ಗೋಳಾಡುತ್ತಾನೆ. ರಾಕ್ಷಸನನ್ನು ಬೈಯುವುದಕ್ಕಿಂತ ಜಾಸ್ತಿ ರಾಜನನ್ನು ಬೈಯುತ್ತಾನೆ.

ಎರಡನೆಯದು ಸರದಿ. ಮನೆಗೊಬ್ಬರಂತೆ ಸರದಿ ಬರುತ್ತದೆ, ಎಷ್ಟೋ ವರ್ಷಕ್ಕೊಮ್ಮೆ. ಕರಾರು ಅಷ್ಟು ದಿನ ಬಾಳಲು ಕಾರಣ ಈ ‘ಎಷ್ಟೋ ವರ್ಷ’ ಅಂತ ನನಗನ್ನಿಸುತ್ತದೆ. ಇವತ್ತು ಪಕ್ಕದ ಮನೆಯವರದು. ನಮ್ಮದು ಇನ್ನೂ ದೂರ ಇದೆ. ಆ ದಿನ ಊರಿನ ಉಳಿದ ಮನೆಗಳಲ್ಲಿ ಒಲೆ ಹೊತ್ತಿರುತ್ತದೆ, ಮಕ್ಕಳು ಆಡುತ್ತಿರುತ್ತವೆ, ಯಾರೋ ಕೊಟ್ಟಿಗೆ ಗುಡಿಸುತ್ತಿರುತ್ತಾರೆ. ತಪ್ಪಿಸಿಕೊಳ್ಳಲು ನೋಡಿದವರನ್ನು ಹೆಂಡತಿ ಮಕ್ಕಳ ಸಮೇತ ತಿಂದುಹಾಕುತ್ತಾನೆ ಅನ್ನುವ ಕಲಮೂ ಇದೆ. ಹಾಗಾಗಿ ಎಲ್ಲರೂ ಕೂಡಿ ಎದ್ದು ನಿಲ್ಲುವುದಕ್ಕಿಂತ ಒಬ್ಬೊಬ್ಬರಾಗಿ ಹೋಗುವುದು ಅಗ್ಗ.

ಮೂರನೆಯದು ಒಂದೇ ಒಂದು ಸಾಲು. ಎಷ್ಟೋ ಜನ ಅದನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತಾರೆ. ಬ್ರಾಹ್ಮಣ ಹೇಳುತ್ತಾನೆ: ಎಲ್ಲಿಂದಲಾದರೂ ಒಬ್ಬ ಮನುಷ್ಯನನ್ನು ಕೊಂಡು ತರೋಣ ಅಂದರೆ ನನ್ನ ಹತ್ತಿರ ದುಡ್ಡಿಲ್ಲ.

ನಿಲ್ಲಿ. ಅಂದರೆ ದುಡ್ಡಿದ್ದವರು ಕೊಳ್ಳುತ್ತಿದ್ದರಾ? ಹಾಗಂತ ಕತೆ ಬಿಡಿಸಿ ಹೇಳುವುದಿಲ್ಲ. ಆದರೆ ಅವನ ಬಾಯಲ್ಲಿ ಅಷ್ಟು ಸಲೀಸಾಗಿ ಆ ಮಾತು ಬಂದ ಮೇಲೆ ಊಹಿಸುವುದು ಕಷ್ಟವಲ್ಲ. ಏಕಚಕ್ರದಲ್ಲಿ ಸರದಿ ಎಲ್ಲ ಮನೆಗೂ ಸಮನಾಗಿ ಬರುತ್ತಿತ್ತು, ಸಾವು ಎಲ್ಲ ಮನೆಗೂ ಬರುತ್ತಿರಲಿಲ್ಲ. ಇಷ್ಟಾದ ಮೇಲೆ ಬಕನಿಗೆ ಎಷ್ಟು ಕೋರೆಹಲ್ಲು, ಕೂದಲು ಯಾವ ಬಣ್ಣ ಅನ್ನುವುದು ನನಗೆ ಮುಖ್ಯವಾಗುವುದೇ ಇಲ್ಲ.

ಆ ಮನೆಯೊಳಗಿನ ಮಾತುಕತೆಯೂ ಇದೆ. ನಾನು ಹೋಗುತ್ತೇನೆ ಅಂತ ಗಂಡ, ನಾನು ಅಂತ ಹೆಂಡತಿ, ಹೇಗೂ ಒಂದು ದಿನ ನನ್ನನ್ನು ಕೊಟ್ಟು ಕಳಿಸಲೇಬೇಕಲ್ಲ, ಈಗಲೇ ಬಿಡಿ ಅಂತ ಮಗಳು. ಕೊನೆಗೆ ತೊದಲು ಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಹಿಡಿದುಕೊಂಡು ಬಂದು ಇದರಲ್ಲೇ ರಾಕ್ಷಸನನ್ನು ಕೊಲ್ಲುತ್ತೇನೆ ಅನ್ನುತ್ತಾನೆ. ಅಳುತ್ತಿದ್ದವರು ನಗುತ್ತಾರೆ. ಇಡೀ ಊರಿನಲ್ಲಿ ಬಕನನ್ನು ಕೊಲ್ಲುವ ಮಾತಾಡಿದ್ದು ಆ ಮಗು ಒಂದೇ. ಅದಾದ ಮೇಲೆಯೇ ಕುಂತಿ ಬಾಗಿಲಿಗೆ ಬಂದು ಏನಾಯಿತು ಅಂತ ಕೇಳುವುದು.

ಭೀಮನ ಪಾಲಿನದು ಹಾಸ್ಯ. ಬಕ ಹಿಂದಿನಿಂದ ಎರಡೂ ಕೈಯಲ್ಲಿ ಬೆನ್ನಿಗೆ ಗುದ್ದುತ್ತಿದ್ದರೂ ಇವನು ತಿರುಗಿ ನೋಡದೆ ಅನ್ನ ಮುಗಿಸುತ್ತಾನೆ. ಊರಿಗೆ ಸಿಕ್ಕಿದ್ದು ಬಕನಿಗಿಂತ ದೊಡ್ಡ ಹೊಟ್ಟೆ, ಅಷ್ಟೇ ಅಲ್ವಾ? ಕೊಂದಮೇಲೆ ಭೀಮ ಮಾಡುವ ಕೆಲಸ ನೋಡಿ. ಸದ್ದು ಕೇಳಿ ಹೆದರಿ ಬಂದ ಬಕನ ನೆಂಟರಿಷ್ಟರನ್ನು ಅವನು ಕೊಲ್ಲುವುದಿಲ್ಲ. ಇನ್ನುಮೇಲೆ ಮನುಷ್ಯರನ್ನು ಹಿಂಸಿಸಬಾರದು ಅಂತ ಒಪ್ಪಂದ ಮಾಡಿಸುತ್ತಾನೆ. ಅವರು ಒಪ್ಪುತ್ತಾರೆ. ಅಲ್ಲಿಂದಾಚೆ ಆ ಊರಿನ ಸುತ್ತ ರಾಕ್ಷಸರು ಸಾಧುವಾಗಿ ಓಡಾಡಿಕೊಂಡಿದ್ದರಂತೆ. ಹಳೆಯ ಕರಾರು ಹರಿದು ಹೊಸದು ಬರೆದರು. ರಾಕ್ಷಸರು ಅದನ್ನೂ ಪಾಲಿಸಿದರು.

ಈಗ ಇದೇ ಕತೆಯಿಂದ ರಾಕ್ಷಸನನ್ನು ತೆಗೆದುಬಿಡಿ. ಏನು ಉಳಿಯುತ್ತದೆ? ಅದಕ್ಕೆ ಕನ್ನಡದ ಒಂದು ಜನಪದ ಹಾಡಿನಲ್ಲೇ ಉತ್ತರ ಇದೆ, ‘ಕೆರೆಗೆ ಹಾರ’.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರು ಬರುವುದಿಲ್ಲ. ಶಾಸ್ತ್ರ ಕೇಳಿದರೆ ಸೊಸೆಯನ್ನು ಹಾರ ಕೊಡಬೇಕು ಅಂತ ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯಲ್ಲಿ ಹಿರಿತನಕ್ಕೆ ಯಾರಿಲ್ಲ. ಹಾಗಾಗಿ ಕಿರಿಸೊಸೆ ಭಾಗೀರತಿ. ಅವಳ ಗಂಡ ದಂಡಿನಲ್ಲಿ ದೂರ ಇದ್ದಾನೆ, ಕೇಳುವವರಿಲ್ಲ. ಇಲ್ಲಿ ಕೋರೆಹಲ್ಲಿನ ಯಾರೂ ಇಲ್ಲ. ಗುಹೆ ಇಲ್ಲ, ಅಬ್ಬರ ಇಲ್ಲ. ಮಾವ, ಅತ್ತೆ, ಒಂದು ಕೆರೆ. ಬಕನ ಊರಿನಲ್ಲಾದರೂ ಸರದಿ ಅಂತ ಒಂದಿತ್ತು, ಇಲ್ಲಿ ಅದೂ ಇಲ್ಲ. ಯಾರು ಹೋದರೆ ಮನೆಗೆ ಕಡಿಮೆ ನಷ್ಟ ಅನ್ನುವ ಲೆಕ್ಕ ಮಾತ್ರ.

ಭಾಗೀರತಿ ತವರಿಗೆ ಹೋಗುತ್ತಾಳೆ. ಅಪ್ಪ ಯಾಕೆ ಮುಖ ಬಾಡಿದೆ ಅಂತ ಕೇಳಿದರೆ ಅತ್ತೆಮಾವ ಬೇರೆ ಇಡುತ್ತಾರಂತೆ ಅಂತ ಸುಳ್ಳು ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಅಂತ ಅಪ್ಪ. ನಿಜ ಹೇಳುವುದು ಗೆಳತಿಗೆ ಮಾತ್ರ. ಆಮೇಲೆ ಪೂಜೆ, ಊಟ, ಎಲ್ಲ ಮುಗಿಸಿ ಮನೆಯವರು ಹೊರಟ ಮೇಲೆ ಬಂಗಾರದ ಬಟ್ಟಲು ಅಲ್ಲೇ ಉಳಿದಿರುತ್ತದೆ. ಅದನ್ನು ತರಲು ಅವಳೇ ವಾಪಸ್ ಹೋಗುತ್ತಾಳೆ. ಒಂದೊಂದು ಮೆಟ್ಟಿಲು ಹತ್ತಿದ ಹಾಗೂ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ, ಎದೆಗೆ ಬರುತ್ತದೆ. ಹಾಡು ಎಲ್ಲೂ ದನಿ ಎತ್ತುವುದಿಲ್ಲ.

ನನ್ನ ಮಟ್ಟಿಗೆ ಕನ್ನಡದ ಅತಿ ಭಯಂಕರ ರಾಕ್ಷಸ ಕತೆ ಇದು. ರಾಕ್ಷಸನೇ ಇಲ್ಲ ಅನ್ನುವುದೇ ಅದರ ಭಯ. ಇದನ್ನು ಓದಿ ಬಕನ ಕಡೆ ತಿರುಗಿದರೆ ಅವನು ಆ ಊರಿಗೆ ಎಷ್ಟು ಉಪಯೋಗಕ್ಕೆ ಬಂದ ಅಂತ ತಿಳಿಯುತ್ತದೆ. ಅವನಿದ್ದಷ್ಟು ದಿನ ಯಾರ ಸಾವಿಗೂ ಊರಿನಲ್ಲಿ ಯಾರೂ ಹೊಣೆಯಲ್ಲ. ಬಕ ತಿಂದ, ನಾವೇನು ಮಾಡೋಣ. ಕಲ್ಲನಕೇರಿಯವರಿಗೆ ಹಾಗೆ ಹೇಳಿಕೊಳ್ಳಲು ಒಂದು ಮುಖ ಸಿಗಲಿಲ್ಲ. ಕೆರೆಯನ್ನು ತೋರಿಸಬೇಕಾಯಿತು.

ಪುಣ್ಯಕೋಟಿಯ ಹಾಡನ್ನೂ ಇದೇ ಸಾಲಿಗೆ ಸೇರಿಸಬೇಕು. ಅರ್ಬುತನ ಎದುರು ಹಸು ಕೇಳುವುದು ವಾಯಿದೆಯನ್ನೇ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ, ಅಲ್ಲಿಯವರೆಗೆ ಬಿಡು. ಶಾಲೆಯಲ್ಲಿ ನಮಗೆ ಹಸುವಿನ ಸತ್ಯವನ್ನು ಹೇಳಿಕೊಟ್ಟರು. ಹುಲಿ ಅವಳನ್ನು ಬಿಟ್ಟದ್ದು ಅಷ್ಟೇ ದೊಡ್ಡ ವಿಷಯ. ಹಸಿದ ಪ್ರಾಣಿ ಬರೀ ಬಾಯಿಮಾತಿನ ಮೇಲೆ ಊಟ ಮುಂದೂಡಿತು.

ಬೇರೆ ಕಡೆಯ ಕತೆಗಳಲ್ಲೂ ಈ ಎಳೆ ಸಿಗುತ್ತದೆ, ಆದರೆ ಬಣ್ಣ ಬೇರೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಮಾರನೇ ವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಮನೆಯೊಳಗೆ ಸಿಕ್ಕಿಕೊಂಡ ಗೆಳೆಯರು ದೆವ್ವದ ಕತೆ ಕಟ್ಟುವ ಪಂದ್ಯ ಹೂಡಿದರು. ಹದಿನೆಂಟರ ಮೇರಿ ಶೆಲ್ಲಿ ಅಲ್ಲಿ ಶುರುಮಾಡಿದ ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಅಚ್ಚಾಯಿತು. ಸಿನಿಮಾದಿಂದಾಗಿ ಅದರ ಜೀವಿ ಮಾತು ಬಾರದ ದಡ್ಡ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಕಾದಂಬರಿಯಲ್ಲಿ ಅದು ತುಂಬ ಚೆನ್ನಾಗಿ ಮಾತಾಡುತ್ತದೆ. ತನ್ನನ್ನು ಮಾಡಿದವನ ಎದುರು ಕೂತು ಒಂದು ಕರಾರು ಮುಂದಿಡುತ್ತದೆ: ನನಗೊಂದು ಜೊತೆ ಮಾಡಿಕೊಡು, ನಾವಿಬ್ಬರೂ ದಕ್ಷಿಣ ಅಮೆರಿಕದ ಕಾಡಿಗೆ ಹೋಗಿಬಿಡುತ್ತೇವೆ, ಮತ್ತೆ ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ. ವಿಕ್ಟರ್ ಒಪ್ಪುತ್ತಾನೆ, ಅರ್ಧ ಮಾಡುತ್ತಾನೆ, ಆಮೇಲೆ ಹೆದರಿ ಜೀವಿಯ ಕಣ್ಣೆದುರೇ ಹರಿದು ಹಾಕುತ್ತಾನೆ. ಜೀವಿ ಅಷ್ಟರಲ್ಲೇ ವಿಕ್ಟರನ ಪುಟ್ಟ ತಮ್ಮನನ್ನು ಕೊಂದಿತ್ತು, ಹಾಗಾಗಿ ವಿಕ್ಟರನ ಹೆದರಿಕೆ ಸುಳ್ಳಲ್ಲ. ಆದರೂ ಮಾತು ಮುರಿದವನು ಅವನೇ. 1897ರ ‘ಡ್ರಾಕುಲಾ’ದಲ್ಲಂತೂ ರಕ್ತ ಕುಡಿಯುವವನಿಗೂ ಮನೆಯವರೊಬ್ಬರು ಮೊದಲ ಸಲ ಒಳಗೆ ಕರೆಯದೆ ಹೊಸ್ತಿಲು ದಾಟುವಂತಿಲ್ಲ. ‘ನಾಳೆ ಬಾ’ ದೆವ್ವಕ್ಕೆ ದೂರದ ನೆಂಟ.

ಆದರೆ ಆ ಕತೆಗಳು ಕೊನೆಗೆ ಬೆನ್ನಟ್ಟಿ ಮುಗಿಸುವ ಕಡೆಗೆ ಹೋಗುತ್ತವೆ. ನಮ್ಮಲ್ಲಿ ಮುಗಿಸುವುದಕ್ಕಿಂತ ಒಂದು ಜಾಗ ಕೊಟ್ಟು ಕೂರಿಸುವುದು ಜಾಸ್ತಿ. ತುಳುನಾಡಿನ ಗುಳಿಗ ದೈವದ ಕತೆ ಹೇಳುವ ಹಾಡಿನಲ್ಲಿ, ಅಂದರೆ ಪಾಡ್ದನದಲ್ಲಿ, ಅವನ ಹಸಿವು ಯಾವುದರಿಂದಲೂ ತೀರುವುದಿಲ್ಲ. ಕೊನೆಗೆ ನಾರಾಯಣ ತನ್ನ ಕಿರುಬೆರಳು ಕೊಡಬೇಕಾಗುತ್ತದೆ. ಅಂಥ ಹಸಿವು ಭೂಮಿಗೆ ಬಂದ ಮೇಲೆ ಏನಾಯಿತು? ಕಾವಲು ದೈವವಾಯಿತು. ವರ್ಷಕ್ಕೊಮ್ಮೆ ಕೋಲ, ಪಾಲು, ಮರ್ಯಾದೆ. ಬದಲಿಗೆ ಊರಿಗೆ ರಕ್ಷೆ. ದೈವವನ್ನು ರಾಕ್ಷಸರ ಪಟ್ಟಿಗೆ ಸೇರಿಸಿದರೆ ಅಲ್ಲಿಯವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನಾನು ನೋಡುತ್ತಿರುವುದು ಒಪ್ಪಂದದ ರೀತಿಯನ್ನು. ಬಕನ ಊರಿನವರೂ ಕಾವಲಿಗೆ ಅಂತಲೇ ಪಾಲು ಕೊಟ್ಟರು. ಆದರೆ ಕೋಲದಲ್ಲಿ ಊರಿನವರೆಲ್ಲ ಎದುರು ನಿಂತಿರುತ್ತಾರೆ, ದೈವ ನುಡಿ ಕೊಡುತ್ತದೆ, ಯಜಮಾನನನ್ನೂ ಪ್ರಶ್ನೆ ಮಾಡುತ್ತದೆ. ಒಬ್ಬನನ್ನು ಬಂಡಿ ಹತ್ತಿಸಿ ಉಳಿದವರು ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ.

ಯಕ್ಷಗಾನದಲ್ಲೂ ಹೀಗೇ. ಕಟೀಲು ಮೇಳಗಳ ದೇವಿಮಹಾತ್ಮೆ ಹರಕೆ ಆಟ ಆಡಿಸಲು ವರ್ಷಗಟ್ಟಲೆ ಕಾಯುವವರಿದ್ದಾರೆ. ದೇವಿ ನಮ್ಮ ಅಂಗಳಕ್ಕೆ ಬರಲಿ ಅಂತ ಹರಕೆ. ದೇವಿ ಬಂದರೆ ಮಹಿಷಾಸುರನೂ ಬರಲೇಬೇಕಲ್ಲ. ಅವನು ರಂಗಸ್ಥಳದ ಹಿಂದಿನಿಂದ ಸದ್ದಿಲ್ಲದೆ ಬರುವುದಿಲ್ಲ. ದೊಂದಿ ಹಿಡಿದು, ಕೋಡು ಅಲ್ಲಾಡಿಸುತ್ತ, ಕೂತ ಜನರ ನಡುವಿನಿಂದ ಅಬ್ಬರಿಸುತ್ತ ಬರುತ್ತಾನೆ. ಅರೆನಿದ್ದೆಯಲ್ಲಿದ್ದ ಮಕ್ಕಳು ಕಿರುಚಿ ಅಮ್ಮನ ಸೆರಗಿನೊಳಗೆ ಸೇರುತ್ತವೆ, ಮತ್ತೆ ಒಂದು ಕಣ್ಣು ಹೊರಗೆ ಹಾಕಿ ನೋಡುತ್ತವೆ. ಬಣ್ಣದ ವೇಷದವರು ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟುಕೊಳ್ಳುವುದು ಈ ಗಳಿಗೆಗಾಗಿ. ನಮ್ಮೊಳಗಿನಿಂದಲೇ ಎದ್ದು ಬಂದ ಹಾಗೆ ಬರುವ ಮಹಿಷನನ್ನು ಒಮ್ಮೆ ನೋಡಿದವರಿಗೆ ಅವನನ್ನು ಹೊರಗಿನವನು ಅಂತ ಹೇಳುವುದು ಕಷ್ಟ. ಮೈಸೂರಿನಲ್ಲಿ ಅವನು ನಮ್ಮ ರಾಜ, ಅವನಿಗೂ ದಸರಾ ಬೇಕು ಅನ್ನುವವರೂ ಇದ್ದಾರೆ. ಕೆಲವು ವರ್ಷ ಅದಕ್ಕೆ ಅನುಮತಿ ಸಿಕ್ಕಿಲ್ಲ, ಜಗಳ ಇನ್ನೂ ಮುಗಿದಿಲ್ಲ. ಆ ಚರಿತ್ರೆಯ ವಾದಕ್ಕೆ ನಾನು ಹೋಗುವುದಿಲ್ಲ. ಅಷ್ಟು ಜನರಿಗೆ ಅವನು ಬೇಕಾಗಿದ್ದಾನೆ ಅನ್ನುವುದಂತೂ ಇದೆ.

ಕರಾರನ್ನು ಅಕ್ಷರಕ್ಷರ ಪಾಲಿಸಿಯೇ ಹಾಳಾದ ರಾಕ್ಷಸರ ಮನೆ ಒಂದಿದೆ, ಹಿಡಿಂಬೆಯದು. ಅವಳ ಅಣ್ಣನನ್ನು ಭೀಮ ಕೊಂದ. ಆಮೇಲೆ ಮದುವೆ. ಯುಧಿಷ್ಠಿರ ಷರತ್ತು ಹಾಕಿದ: ಹಗಲು ನಿನ್ನ ಜೊತೆ ಇರಲಿ, ರಾತ್ರಿಯಾಗುವಾಗ ತಂದು ಬಿಡಬೇಕು. ಮಗ ಹುಟ್ಟುವವರೆಗೆ ಮಾತ್ರ ಅಂತ ಭೀಮ ಸೇರಿಸಿದ. ಅವಳು ಒಪ್ಪಿದಳು, ಹಾಗೇ ನಡೆದುಕೊಂಡಳು, ಮಗ ಹುಟ್ಟಿದ ಮೇಲೆ ಹೊರಟುಹೋದಳು. ಘಟೋತ್ಕಚ ಕರೆದಾಗ ಬರುತ್ತೇನೆ ಅಂದ. ಕಾಡಿನಲ್ಲಿ ಪಾಂಡವರನ್ನು ಹೊತ್ತು ನಡೆಯಲು ಕರೆದಾಗ ಬಂದ, ಕುರುಕ್ಷೇತ್ರಕ್ಕೂ ಬಂದ. ಕರ್ಣ ಅರ್ಜುನನಿಗಾಗಿ ಇಟ್ಟುಕೊಂಡಿದ್ದ ಶಕ್ತಿ ಅನ್ನುವ ಆಯುಧವನ್ನು ಇವನ ಮೇಲೆ ಬಿಟ್ಟ. ಬೀಳುವಾಗಲೂ ಮೈ ಬೆಳೆಸಿಕೊಂಡು ಕೌರವ ಸೈನ್ಯದ ಮೇಲೇ ಬಿದ್ದ. ಪಾಂಡವರು ಅಳುತ್ತಿದ್ದರೆ ಕೃಷ್ಣ ಒಬ್ಬನೇ ರಥದ ಮೇಲೆ ಕುಣಿದ. ಯಾಕೆ ಅಂತ ಅರ್ಜುನ ಕೇಳಿದ. ಶಕ್ತಿ ಖರ್ಚಾಯಿತಲ್ಲ, ಇನ್ನು ನೀನು ಉಳಿದೆ ಅಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕರ್ಣ ಕೊಲ್ಲದಿದ್ದರೆ ಇವನನ್ನು ಒಂದು ದಿನ ನಾನೇ ಕೊಲ್ಲಬೇಕಾಗಿತ್ತು ಅಂದ. ದ್ರೋಣಪರ್ವದಲ್ಲಿ ಈ ಮಾತು ಹಾಗೇ ಇದೆ. ಅದನ್ನು ಮೆತ್ತಗೆ ಮಾಡಿ ಹೇಳುವ ವ್ಯಾಖ್ಯಾನಗಳನ್ನು ಕೇಳಿದ್ದೇನೆ, ಯಾವುದೂ ನನಗೆ ಹಿಡಿಸಿಲ್ಲ.

ಹಿಮಾಚಲದವರು ಆ ಬಾಕಿಯನ್ನು ಬೇರೆ ರೀತಿ ತೀರಿಸುತ್ತಿದ್ದಾರೆ. ಮನಾಲಿಯ ದೇವದಾರು ಮರಗಳ ನಡುವೆ ಹಿಡಿಂಬೆಗೆ 1553ರಲ್ಲಿ ಕಟ್ಟಿದ ಮರದ ಗುಡಿ ಇದೆ. ಹತ್ತಿರದಲ್ಲೇ ಒಂದು ಮರದ ಕೆಳಗೆ ಘಟೋತ್ಕಚನ ಜಾಗ. ಕುಲ್ಲುವಿನ ರಾಜಮನೆತನ ಅವಳನ್ನು ಅಜ್ಜಿ ಅಂತ ಕರೆಯುತ್ತದೆ. ನಮ್ಮ ಮೈಸೂರಿನಲ್ಲಿ ದಸರಾ ಅಂದರೆ ಅಸುರನನ್ನು ಕೊಂದ ಹಬ್ಬ. ಕುಲ್ಲುವಿನಲ್ಲಿ ಈ ರಾಕ್ಷಸಿ ಪಲ್ಲಕ್ಕಿಯಲ್ಲಿ ಬಂದು ಇಳಿಯುವವರೆಗೆ ದಸರಾ ಶುರುವಾಗುವುದಿಲ್ಲ.